ಚಾರ್ಜು ಎಂಬ ಹಾಳು ಶಬ್ದ

ಜೂನ್ ೩, ಮಂಗಳವಾರ

ಇದನ್ನು ತೆರೆದವನೇ, ಯಾರೇ ಆಗಿರು, ನಿನ್ನ ಕೈ ಸೇದಿಹೋಗಲಿ ಎಂದು ಬರೆಯಲು ಹೊರಟಿದ್ದೆ. ಬೇಡ. ಕೈಯ ಮಾತು ಈ ಮನೆಯಲ್ಲಿ ಸದ್ಯಕ್ಕೆ ಬೇಡ. ಕಣ್ಣು ಮಂಜಾಗಲಿ, ಅಷ್ಟು ಸಾಕು. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟ ಮುದುಕಿ ತನ್ನ ಪಾಡಿಗೆ ತಾನು ಗೀಚಿಕೊಂಡದ್ದನ್ನು ಕದ್ದು ಓದುತ್ತೀಯಲ್ಲ, ಹೊತ್ತು ಹೋಗುವುದಿಲ್ಲವೇ, ಮಾಡಲು ಬೇರೆ ಕೆಲಸವಿಲ್ಲವೇ? ಮುಚ್ಚು. ಇದ್ದಲ್ಲೇ ಇಡು.

ಈ ಚಟ ಮನೆಯಲ್ಲಿ ಒಬ್ಬನಿಗೇ ಇದ್ದದ್ದು, ನನ್ನ ಚಿಕ್ಕ ಮಗನಿಗೆ. ನನ್ನ ಹಳೆಯ ಪುಸ್ತಕಗಳು ಬಾಗಿಲ ಪಕ್ಕದ ಮೀಟರ್ ಪೆಟ್ಟಿಗೆಯ ಮೇಲೆ ಇರುತ್ತಿದ್ದವು. ಕೆಲಸದಿಂದ ಬಂದವನು ಬೂಟು ಬಿಚ್ಚುವ ಮೊದಲೇ ತೆಗೆದು ಓದಿ, ಪಕ್ಕದಲ್ಲಿ ಪೆನ್ಸಿಲಿನಿಂದ ‘ಸುಳ್ಳು’ ಎಂದು ಬರೆದಿಡುತ್ತಿದ್ದ. ಹಾಲು ಉಕ್ಕಿದ್ದು ಸೊಸೆಯಿಂದ ಎಂದು ನಾನು ಬರೆದರೆ ಪಕ್ಕದಲ್ಲಿ ಸುಳ್ಳು. ನನ್ನ ಮಂಡಿನೋವನ್ನು ಕೇಳುವವರೇ ಇಲ್ಲ ಎಂದು ಬರೆದರೆ ಸುಳ್ಳು. ನಾನು ಬೈದರೆ, ‘ಏನ್ ಮುದುಕಿ, ನಾನು ಬರೆದಿದ್ದನ್ನ ಕದ್ದು ಓದ್ತೀಯಾ’ ಎನ್ನುತ್ತಿದ್ದ. ಇನ್ನು ಅವನ ಸುದ್ದಿ ಬೇಡ. ಈ ಹೊಸ ಪುಸ್ತಕ ಟ್ರಂಕಿನಲ್ಲಿರುತ್ತದೆ. ಕೀಲಿ ನನ್ನ ಕತ್ತಿನಲ್ಲಿರುತ್ತದೆ.

ನಡೆದದ್ದು ಇಷ್ಟು. ಶುಕ್ರವಾರದ ಗಾಳಿಗೆ ಮರದ ಕೊಂಬೆ ಮುರಿದು ಕರೆಂಟಿನ ತಂತಿಯ ಮೇಲೆ ಬಿತ್ತು. ಅಣ್ಣ ತಮ್ಮ ಇಬ್ಬರದೂ ಒಂದೇ ಕೆಲಸ, ಕಂಬ ಹತ್ತುವುದು. ಇಬ್ಬರೂ ಹೋದರು. ದೊಡ್ಡವನು ಕಂಬದ ಮೇಲಿದ್ದಾಗ, ಆರಿಸಿದ್ದ ತಂತಿಗೆ ಕರೆಂಟು ಬಂತು. ಬಲಗೈ ತಂತಿಯ ಹತ್ತಿರವಿತ್ತು. ಸೊಂಟಕ್ಕೆ ಬೆಲ್ಟಿದ್ದದ್ದರಿಂದ ನೆಲಕ್ಕೆ ಬೀಳಲಿಲ್ಲ, ನೇತಾಡಿದ.

ಸಬ್‌ಸ್ಟೇಷನ್ನಿನಲ್ಲಿ ಸ್ವಿಚ್ಚು ಹಾಕಿ ಆರಿಸಿ ಮಾಡುವ ಆಪರೇಟರು ಫೋನು ಮಾಡಿದ. ನಮ್ಮ ಮನೆಯಲ್ಲಿ ಎಷ್ಟೋ ಸಲ ಉಂಡವನು. ಅಳುತ್ತಾ ಒಂದೇ ಮಾತು ಹೇಳಿದ: ‘ಅಮ್ಮಾ, ಲೈನ್ ಚಾರ್ಜ್ ಆಗ್ಬಿಡ್ತು.’

ಇಬ್ಬರು ಮಕ್ಕಳೂ ಊಟಕ್ಕೆ ಕೂತರೆ ಉಪ್ಪಿನ ಹಾಗೆ ಬಳಸುವ ಮಾತು ಅದು. ಆ ಲೈನ್ ಚಾರ್ಜ್ ಆಯ್ತಾ, ಈ ಲೈನ್ ಚಾರ್ಜ್ ಮಾಡಿದ್ರಾ. ಒಂದು ದಿನವೂ ನಾನು ಕಿವಿಗೆ ಹಾಕಿಕೊಂಡಿರಲಿಲ್ಲ. ಶುಕ್ರವಾರ ಹಾಕಿಕೊಂಡೆ. ಇನ್ನೂ ಹೊರಗೆ ಹೋಗಿಲ್ಲ.

ಜೂನ್ ೫, ಗುರುವಾರ

ಕೈ ತೆಗೆದರು. ಮೊಣಕೈಗಿಂತ ಮೇಲೆ.

ಜೂನ್ ೬, ಶುಕ್ರವಾರ

ಬರೆಯುತ್ತೇನೆ. ಬರೆಯದಿದ್ದರೆ ಎದೆ ಒಡೆದುಹೋಗುತ್ತದೆ.

ಅವರ ಕೆಲಸದಲ್ಲಿ ಒಂದು ಕಟ್ಟುನಿಟ್ಟು ಇದೆ. ಕಂಬ ಹತ್ತುವ ಮೊದಲು ಸಬ್‌ಸ್ಟೇಷನ್ನಿಗೆ ಫೋನು ಮಾಡಿ ‘ಲೈನ್ ಕ್ಲಿಯರ್’ ಕೇಳಬೇಕು. ಅಲ್ಲಿಯವನು ಸ್ವಿಚ್ಚು ಆರಿಸಿ, ಕೊಟ್ಟೆ ಎನ್ನುತ್ತಾನೆ. ಕೆಲಸ ಮುಗಿದ ಮೇಲೆ, ಕೇಳಿ ತೆಗೆದುಕೊಂಡವನೇ, ಇನ್ನೊಬ್ಬನಲ್ಲ, ತನ್ನ ಬಾಯಿಂದಲೇ ಅದನ್ನು ವಾಪಸ್ ಕೊಡಬೇಕು: ಎಲ್ಲರೂ ಇಳಿದಿದ್ದೇವೆ, ಇನ್ನು ಚಾರ್ಜ್ ಮಾಡಿ, ಎಂದು.

ಕೇಳಿ ತೆಗೆದುಕೊಂಡವನು ದೊಡ್ಡವನು. ವಾಪಸ್ ಕೊಟ್ಟವನು ಚಿಕ್ಕವನು. ಇಬ್ಬರ ದನಿಯೂ ಒಂದೇ ಅಚ್ಚು. ಹೆತ್ತ ನನಗೇ ಫೋನಿನಲ್ಲಿ ಗೊತ್ತಾಗುವುದಿಲ್ಲ. ‘ಊಟ ಆಯ್ತೇನಮ್ಮ’ ಎಂದರೆ ದೊಡ್ಡವನು, ‘ಏನ್ ಮುದುಕಿ’ ಎಂದರೆ ಅವನು. ಸಬ್‌ಸ್ಟೇಷನ್ನಿನದು ಹಳೆಯ ಕಾಲದ ಫೋನು, ಯಾವ ನಂಬರಿನಿಂದ ಬಂತೆಂದು ಕಾಣುವುದಿಲ್ಲ. ಆಪರೇಟರು ದನಿ ಕೇಳಿದ. ಹೆಸರು ಕೇಳಲಿಲ್ಲ. ಚಾರ್ಜ್ ಮಾಡಿದ.

ಆಸ್ಪತ್ರೆಗೆ ಬಂದ ಆಫೀಸಿನ ಸಾಹೇಬರ ಮುಂದೆ ಚಿಕ್ಕವನು ತಲೆ ತಗ್ಗಿಸಿ ಒಪ್ಪಿಕೊಂಡ. ಅಣ್ಣ ಇಳಿದಿದ್ದಾನೋ ಇಲ್ಲವೋ ನೋಡಲಿಲ್ಲ, ಕೇಳಲಿಲ್ಲ, ನಾನೇ ಹೇಳಿಬಿಟ್ಟೆ, ಎಂದ. ಸೊಸೆ ಗೋಡೆಗೆ ತಲೆ ಚಚ್ಚಿಕೊಂಡಳು. ನಾನು ಎಲ್ಲರ ಮುಂದೆ ಅವನ ಹತ್ತಿರ ಹೋಗಿ ಹೇಳಿದೆ: ‘ನನ್ನ ಕಣ್ಣಿಗೆ ಬೀಳ್ಬೇಡ.’

ತಿರುಗಿ ಮಾತಾಡದೆ ಹೋದ. ಅಲ್ಲಿ ಹೇಳಿದ್ದು ಸಾಲದು ಎಂದು ಇಲ್ಲಿಯೂ ಬರೆಯುತ್ತೇನೆ. ಅಣ್ಣನ ಕೈ ತಿಂದ ನಾಲಿಗೆ ಅದು. ಬಿದ್ದುಹೋಗಲಿ.

ಜೂನ್ ೧೧, ಬುಧವಾರ

ಆಸ್ಪತ್ರೆಯ ಬೆಂಚಿನ ಮೇಲೆ ಕೂತು ಬರೆಯುತ್ತಿದ್ದೇನೆ. ಪುಸ್ತಕ ಚೀಲದಲ್ಲಿ ಬರುತ್ತದೆ, ಚೀಲದಲ್ಲಿ ಹೋಗುತ್ತದೆ, ಮನೆ ಸೇರಿದ ಕೂಡಲೇ ಟ್ರಂಕು.

ಇಲ್ಲಿ ಎಲ್ಲರ ಬಾಯಲ್ಲೂ ಆ ಹಾಳು ಶಬ್ದವೇ. ವಾರ್ಡಿನ ದೊಡ್ಡ ನರ್ಸಮ್ಮನಿಗೆ ಹೆಸರೇ ಇಲ್ಲ, ಇನ್‌ಚಾರ್ಜ್ ಎನ್ನುತ್ತಾರೆ. ಇನ್‌ಚಾರ್ಜ್ ಬಂದರು ಎಂದರೆ ಮಂಚದ ತುದಿಯಲ್ಲಿ ಕೂತ ನೆಂಟರಿಷ್ಟರೆಲ್ಲ ಮುಳ್ಳು ಚುಚ್ಚಿದ ಹಾಗೆ ಎದ್ದು ನಿಲ್ಲುತ್ತಾರೆ. ನಾನು ಏಳಲಿಲ್ಲ. ಇದು ಪೇಷೆಂಟ್ ಬೆಡ್ ಅಜ್ಜಿ, ಎಂದಳು. ಈ ಪೇಷೆಂಟ್ ಮಲಗಿದ್ದ ಮೊದಲ ಬೆಡ್ ನನ್ನ ಹೊಟ್ಟೆ ಕಣಮ್ಮ, ಎಂದೆ. ನಗಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಒಂದು ಸ್ಟೂಲು ಕಳಿಸಿದಳು.

ವಾರ್ಡಿಗೆಲ್ಲ ಪ್ಲಗ್ಗು ಒಂದೇ. ಮೊಬೈಲು ಚಾರ್ಜಿಗೆ ಹಾಕಲು ಹೆಂಗಸರು ನಲ್ಲಿಯ ಮುಂದೆ ಕೊಡಕ್ಕೆ ಕಾದಾಡಿದಂತೆ ಕಾದಾಡುತ್ತಾರೆ. ಬ್ಯಾಂಡೇಜಿಗೆ ಬೇರೆ ಚಾರ್ಜು, ರೂಮಿಗೆ ಬೇರೆ ಚಾರ್ಜು. ಬೆಳಿಗ್ಗೆ ಡಾಕ್ಟರು ಬಂದು, ಡಿಸ್ಚಾರ್ಜ್ ಇನ್ನೂ ಇದೆ, ಹಾಗಾಗಿ ಡಿಸ್ಚಾರ್ಜ್ ಈಗಲೇ ಇಲ್ಲ, ಎಂದು ಹೇಳಿ ಹೋದರು. ಎರಡನೆಯ ಸಲ ಕೇಳಿ ತಿಳಿದುಕೊಂಡೆ. ಗಾಯದಿಂದ ಬರುವ ಕೀವಿಗೂ ಅದೇ ಹೆಸರು, ಮನೆಗೆ ಕಳಿಸುವುದಕ್ಕೂ ಅದೇ ಹೆಸರು. ಒಂದು ನಿಂತರೆ ಇನ್ನೊಂದು ಆಗುತ್ತದಂತೆ. ಈ ಮಾತು ಕಟ್ಟಿದವನ ಮನೆಯಲ್ಲಿ ಉಪ್ಪಿಗೂ ಸಕ್ಕರೆಗೂ ಒಂದೇ ಡಬ್ಬಿ ಇದ್ದಿರಬೇಕು.

ದೊಡ್ಡವನು ಮಾತಾಡುವುದಿಲ್ಲ. ಫ್ಯಾನು ನೋಡಿಕೊಂಡು ಮಲಗಿರುತ್ತಾನೆ. ಇವತ್ತು ಮಾತ್ರ, ಬೆರಳು ತುರಿಸುತ್ತಿದೆ ಎಂದ. ಯಾವ ಬೆರಳು ಎಂದೆ. ಇಲ್ಲದ ಕೈಯ ಕಡೆ ಕಣ್ಣು ತೋರಿಸಿದ. ಎಲ್ಲಿ ಎಂದೆ. ಹಾಸಿಗೆಯ ಮೇಲಿನ ಖಾಲಿ ಜಾಗ ತೋರಿಸಿದ. ಅಲ್ಲೇ ಕೆರೆದೆ. ಸ್ವಲ್ಪ ಕೆಳಗೆ ಎಂದ. ಅಲ್ಲಿ ಕೆರೆದೆ. ಸೊಸೆ ಕಿಟಕಿಯ ಕಡೆ ತಿರುಗಿಕೊಂಡಳು.

ಜೂನ್ ೧೬, ಸೋಮವಾರ

ಅಡುಗೆಮನೆಯ ಟ್ಯೂಬ್‌ಲೈಟು ಪಟಪಟನೆ ಕಣ್ಣು ಹೊಡೆಯುತ್ತಿದೆ. ಇಬ್ಬರು ಕರೆಂಟಿನವರ ಮನೆ ಇದು. ಮಬ್ಬಿನಲ್ಲಿ ಅನ್ನದ ತಪ್ಪಲೆ ಯಾವುದು, ನೀರಿನದು ಯಾವುದು ಎಂದು ತಡಕಾಡುತ್ತಿದ್ದೇನೆ.

ಮೊಮ್ಮಗಳು, ದೊಡ್ಡವನ ಒಬ್ಬಳೇ ಮಗಳು, ಹೈಸ್ಕೂಲಿನವಳು. ಆಸ್ಪತ್ರೆಗೆ ಬಾ ಎಂದರೆ ಪರೀಕ್ಷೆ ಇದೆ ಎನ್ನುತ್ತಾಳೆ. ಯಾವ ಪರೀಕ್ಷೆಯೂ ಇಲ್ಲ. ಅಪ್ಪನನ್ನು ಹಾಗೆ ನೋಡಲು ಹೆದರಿಕೆ. ಅವಳನ್ನು ಮಾತಿಗೆಳೆಯಲು, ಈ ಚಾರ್ಜು ಎಂದರೆ ಒಟ್ಟಿನಲ್ಲಿ ಏನೇ ಎಂದು ಕೇಳಿದೆ. ನಿಘಂಟು ತಂದು ಓದಿದಳು. ಬೆಲೆ. ಹೊಣೆ. ಆರೋಪ. ವಶ. ತುಂಬುವುದು. ಮೇಲೆ ನುಗ್ಗುವುದು. ಇನ್ನೂ ಕೆಳಗೆ ಬೆರಳು ಇಳಿಸುತ್ತಿದ್ದಳು, ನಿಲ್ಲಿಸೇ ಎಂದೆ. ಹೊಣೆಗೂ ಆರೋಪಕ್ಕೂ ಒಂದೇ ಮಾತೇ?

‘ಹೌದಜ್ಜಿ. ಅವನ ಚಾರ್ಜಲ್ಲಿ ಇತ್ತು ಅಂದ್ರೆ ಹೊಣೆ. ಅವನ ಮೇಲೆ ಚಾರ್ಜ್ ಇದೆ ಅಂದ್ರೆ ಆರೋಪ.’

ನಮ್ಮ ಮಾತಿನಲ್ಲಿ ಹೊಣೆಯನ್ನು ಹೊರುತ್ತಾರೆ, ಆರೋಪವನ್ನು ಹೊರಿಸುತ್ತಾರೆ. ಹೊರುವವನು ಯಾರು, ಹೊರಿಸುವವನು ಯಾರು ಎಂಬುದಾದರೂ ತಿಳಿಯುತ್ತದೆ. ಅವಳು ಅಷ್ಟಕ್ಕೆ ಬಿಡದೆ ವಿಜ್ಞಾನದ ಪಾಠವನ್ನೂ ಹೇಳಿದಳು. ಚಾರ್ಜಿನಲ್ಲಿ ಎರಡು ಜಾತಿಯಂತೆ. ಒಂದೇ ಜಾತಿಯವು ಹತ್ತಿರ ಬಂದರೆ ಒಂದನ್ನೊಂದು ದೂರ ತಳ್ಳುತ್ತವಂತೆ. ಒಂದೇ ದನಿಯ ಇಬ್ಬರನ್ನು ಸಾಕಿದವಳಿಗೆ ಇದನ್ನು ಹೇಳಿಕೊಡಲು ಮೇಷ್ಟರು ಬೇಕಾಯಿತೇ ಎಂದೆ.

ಆಮೇಲೆ ಮೆಲ್ಲಗೆ, ಚಿಕ್ಕಪ್ಪ ಎಲ್ಲಿ ಊಟ ಮಾಡುತ್ತಿದ್ದಾನೆ ಎಂದು ಕೇಳಿದಳು. ಬಾಯಿ ಮುಚ್ಚಿಕೊಂಡು ಓದಿಕೋ ಹೋಗು ಎಂದೆ.

ಜೂನ್ ೨೦, ಶುಕ್ರವಾರ

ಆಫೀಸಿನ ಜವಾನ ದಪ್ಪ ಕವರು ತಂದ, ಅವನ ಹೆಸರಿಗೆ. ಅವನು ಇಲ್ಲಿಲ್ಲ ಎಂದೆ. ಗೊತ್ತು, ಬಸ್ ನಿಲ್ದಾಣದ ಹತ್ತಿರ ಸೈಕಲ್ ಅಂಗಡಿಯ ಮೇಲಿನ ರೂಮಿನಲ್ಲಿದ್ದಾನೆ, ಅಲ್ಲಿ ಬಾಗಿಲು ತೆಗೆಯಲಿಲ್ಲ, ಅದಕ್ಕೇ ಇಲ್ಲಿಗೆ ತಂದೆ, ಎಂದ. ಏನಿದು ಎಂದರೆ ಚಾರ್ಜ್‌ಶೀಟು. ಸದ್ಯಕ್ಕೆ ಕೆಲಸದಿಂದ ದೂರ ಇಟ್ಟಿದ್ದಾರೆ. ಅಪರಾಧ ಗಟ್ಟಿಯಾದರೆ ಕೆಲಸವೇ ಹೋಗುತ್ತದೆ, ಬೇರೆ ಎಲ್ಲಿಯೂ ಕಂಬದ ಹತ್ತಿರ ಸೇರಿಸುವುದಿಲ್ಲ.

ಸೊಸೆ ಕವರು ಒಡೆದು ಜೋರಾಗಿ ಓದಿದಳು. ಆಗಬೇಕಾದ್ದೇ ಎಂದಳು. ಆಗಬೇಕಾದ್ದೇ ಎಂದೆ ನಾನು. ಅತ್ತೆ ಸೊಸೆ ಒಂದೇ ಮಾತಿಗೆ ನಿಂತದ್ದು ಈ ಮನೆಯಲ್ಲಿ ಇದೇ ಮೊದಲು.

ಜವಾನ ಗೇಟು ದಾಟುವಾಗ ಆ ರೂಮಿಗೆ ಕಿಟಕಿ ಇದೆಯೇ ಎಂದು ಕೇಳಿದೆ. ಸುಮ್ಮನೆ ಕೇಳಿದ್ದು.

ಜೂನ್ ೨೬, ಗುರುವಾರ

ಸಂಜೆ ಆಸ್ಪತ್ರೆಯಿಂದ ಬಂದು ಸ್ವಿಚ್ಚು ಒತ್ತಿದರೆ ಅಡುಗೆಮನೆ ಹಾಲು ಚೆಲ್ಲಿದ ಹಾಗೆ ಬೆಳಗಿತು. ಹೊಸ ಟ್ಯೂಬು. ಹಳೆಯದನ್ನು ಕಾಗದದಲ್ಲಿ ಸುತ್ತಿ ಹಿತ್ತಲ ಬಾಗಿಲ ಹತ್ತಿರ ನಿಲ್ಲಿಸಿದ್ದ. ಕಪಾಟಿನಲ್ಲಿ ಅವನ ಎರಡು ಅಂಗಿ, ದಪ್ಪ ಹೊದಿಕೆ ಇಲ್ಲ. ಮನೆಯ ಕೀಲಿ ಅವನ ಹತ್ತಿರವೂ ಒಂದಿದೆಯಲ್ಲ, ಮನೆಯಲ್ಲಿ ಯಾರೂ ಇಲ್ಲದ ಹೊತ್ತು ನೋಡಿಕೊಂಡು ಕಳ್ಳನ ಹಾಗೆ ಬಂದಿದ್ದಾನೆ.

ಸೊಸೆ ಆ ಲೈಟು ಹಾಕುವುದಿಲ್ಲ ಎಂದಳು. ಮಬ್ಬಿನಲ್ಲೇ ಗಂಜಿ ಕಾಯಿಸಿದಳು. ಅವಳು ಹೊರಗೆ ಹೋದ ಮೇಲೆ ನಾನು ಹಾಕಿದೆ. ಕಣ್ಣು ಕಾಣಬೇಕಲ್ಲ.

ಪುಸ್ತಕ ಟ್ರಂಕಿನಲ್ಲಿತ್ತು. ಮುಟ್ಟಿಲ್ಲ. ಒಳ್ಳೆಯದೇ ಆಯಿತು. ಆದರೆ ಟ್ರಂಕಿನ ಬೀಗ ತುಕ್ಕು ಹಿಡಿದು ಬೆರಳು ನೋಯಿಸುತ್ತದೆ. ಇವತ್ತಿನಿಂದ ಹಾಸಿಗೆಯ ಕೆಳಗೆ ಇಡುತ್ತೇನೆ.

ಜುಲೈ ೧, ಮಂಗಳವಾರ

ಕೀವು ನಿಂತಿಲ್ಲ. ಮಾತೂ ಬಂದಿಲ್ಲ.

ನನ್ನ ಫೋನು ಮೊದಲೆಲ್ಲ ವಾರಗಟ್ಟಲೆ ಸತ್ತು ಬಿದ್ದಿರುತ್ತಿತ್ತು, ಎಲ್ಲರೂ ಬೈಯುತ್ತಿದ್ದರು. ಈಗ ಬೆಳಿಗ್ಗೆ ಸಂಜೆ ಚಾರ್ಜಿಗೆ ಹಾಕುತ್ತೇನೆ. ‘ಅತ್ತೆ, ಅದು ತುಂಬಿ ಉಕ್ಕೀತು’ ಎಂದಳು ಸೊಸೆ. ಆಸ್ಪತ್ರೆಯವರು ಯಾವಾಗ ಕರೆಯುತ್ತಾರೋ ಏನೋ ಎಂದೆ. ಆಸ್ಪತ್ರೆಯಲ್ಲಿ ಅವಳೇ ಇರುವಾಗ ಅವರು ನನ್ನನ್ನೇಕೆ ಕರೆಯುತ್ತಾರೆ ಎಂದು ಅವಳು ಕೇಳಲಿಲ್ಲ, ಪುಣ್ಯ.

ಜುಲೈ ೫, ಶನಿವಾರ

ಸೊಸೆಯ ಜೊತೆ ಜಗಳ. ಅಕ್ಕಿಯ ಡಬ್ಬಿ ಎಲ್ಲಿಡಬೇಕು ಎಂಬುದಕ್ಕೆ. ಇನ್ನು ಮನೆ ನನ್ನ ಚಾರ್ಜು, ನಾನು ಇಟ್ಟಲ್ಲಿ ಇರಬೇಕು, ಎಂದಳು. ಇರಲಿ ತಾಯಿ, ತಗೋ, ಎಂದು ಸೌಟು ಅವಳ ಕೈಗೆ ಕೊಟ್ಟೆ. ಅವಳು ಅದನ್ನು ಹಿಡಿದುಕೊಂಡು ಅಳತೊಡಗಿದಳು. ಮದುವೆಯಾಗಿ ಬಂದಾಗಿನಿಂದ ಆ ಸೌಟಿಗೆ ಕಣ್ಣಿಟ್ಟವಳು. ಸಿಕ್ಕಿದ ದಿನ ಅಳುತ್ತಿದ್ದಾಳೆ. ನಾನು ಡಬ್ಬಿಯನ್ನು ಅವಳು ಹೇಳಿದ ಜಾಗಕ್ಕೆ ಸರಿಸಿದೆ.

ಹಾಸಿಗೆಯ ಕೆಳಗೆ ಕೈ ಹಾಕಲು ಸೊಂಟ ಬಗ್ಗುವುದಿಲ್ಲ. ಪುಸ್ತಕ ಈಗ ಬೆಂಕಿಪೊಟ್ಟಣದ ಶೆಲ್ಫಿನಲ್ಲಿ.

ಜುಲೈ ೧೦, ಗುರುವಾರ

ದೊಡ್ಡವನು ಬಾಯಿ ಬಿಟ್ಟ.

ಸೊಸೆ ಔಷಧಿಗೆ ಹೋಗಿದ್ದಳು. ನಾನು ಸ್ಟೂಲಿನ ಮೇಲೆ ಕೂತು ಗಂಜಿ ತಿನ್ನಿಸುತ್ತಿದ್ದೆ. ಎರಡು ಚಮಚ ನುಂಗಿ, ಕೇಳಿದ: ‘ಅಮ್ಮ, ಆ ಪ್ಲೇಯರ್ ಸಿಕ್ತಾ?’

ಯಾವ ಪ್ಲೇಯರ್ ಎಂದೆ. ತಮ್ಮನದು, ತಂತಿ ಕತ್ತರಿಸುವುದು, ಕೆಂಪು ಹಿಡಿಯದು, ಎಂದ. ಅವತ್ತು ತನ್ನದನ್ನು ಮನೆಯಲ್ಲಿ ಮರೆತು ಅವನದನ್ನು ತೆಗೆದುಕೊಂಡಿದ್ದನಂತೆ. ಕೈಯೇ ಹೋದವನು ಪ್ಲೇಯರ್ ಕೇಳುತ್ತಿದ್ದಾನಲ್ಲ ಎಂದು ಚಮಚ ಮತ್ತೆ ಬಾಯಿಗೆ ಇಟ್ಟೆ. ತುಟಿ ತೆರೆಯಲಿಲ್ಲ.

‘ನಾನು ಇಳಿದಿದ್ದೆ ಅಮ್ಮ. ಪೂರ್ತಿ ಇಳಿದಿದ್ದೆ. ಫೋನ್ ನೋಡಿದ್ರೆ ಚಾರ್ಜ್ ಸತ್ತಿತ್ತು. ಅವನು ತಿರುವಿನಾಚೆ ಇನ್ನೊಂದು ಕಂಬದ ಹತ್ರ ಇದ್ದ. ಆಯ್ತು ಕಣೋ, ನೀನೇ ಹೇಳ್ಬಿಡು ಅಂತ ನಾನೇ ಕೂಗಿದೆ. ಯಾವಾಗ್ಲೂ ಹಾಗೇ ಮಾಡ್ತಿದ್ವಿ. ಯಾರ ಬಾಯಿ ಆದ್ರೇನು, ದನಿ ಒಂದೇ ಅಲ್ವಾ.’

‘ಮತ್ತೆ ಮೇಲೆ ಹೇಗೆ ಹೋದೆ?’

‘ಪ್ಲೇಯರ್ ಮೇಲೇ ಬಿಟ್ಟಿದ್ದೆ. ಕಳೆದ್ರೆ ಒಂದು ವಾರ ತಲೆ ತಿಂತಾನೆ. ಚಾರ್ಜ್ ಮಾಡೋಕೆ ಇನ್ನೂ ಹೊತ್ತಿದೆ, ಹೋಗಿ ಬಂದ್ಬಿಡ್ತೀನಿ ಅಂದ್ಕೊಂಡೆ.’

ಗಂಜಿಯ ಬಟ್ಟಲನ್ನು ಎಲ್ಲಿಟ್ಟೆನೋ ಗೊತ್ತಿಲ್ಲ. ಇದು ಅವನಿಗೆ ಗೊತ್ತೇನೋ ಎಂದೆ.

‘ನನ್ನನ್ನ ಕೆಳಗೆ ಇಳಿಸಿದ್ದೇ ಅವನು. ಎಚ್ಚರ ಇತ್ತು ನಂಗೆ. ಪ್ಲೇಯರಿಗೆ ಹೋಗಿದ್ದೆ ಕಣೋ ಅಂದೆ. ಇದನ್ನ ಯಾರಿಗೂ ಹೇಳ್ಬೇಡ ಅಣ್ಣ, ಹೇಳಿದ್ರೆ ನಿನಗೆ ಒಂದು ಕಾಸೂ ಸಿಗಲ್ಲ, ನಾನು ನೋಡ್ಕೊಳ್ತೀನಿ ಅಂದ.’

ಹೌದು, ಅವರ ಕಾನೂನು ಹಾಗಿದೆಯಂತೆ. ತನ್ನ ತಪ್ಪಿನಿಂದ ಕೈ ಕಳೆದುಕೊಂಡವನಿಗೆ ಪರಿಹಾರ ಸಿಗುವುದೂ ಅನುಮಾನ, ಕುರ್ಚಿಯ ಮೇಲೆ ಕೂತು ಮಾಡುವ ಕೆಲಸ ಸಿಗುವುದೂ ಅನುಮಾನ. ಬೇರೊಬ್ಬನ ತಪ್ಪಿನಿಂದ ಕಳೆದುಕೊಂಡರೆ ಎರಡೂ ಉಂಟು. ಅದಕ್ಕೇ ಆ ಬೇರೊಬ್ಬ ತಾನಾದ. ಇಷ್ಟು ದಿನ ಏಕೆ ಸುಮ್ಮನಿದ್ದೆ ಎಂದು ದೊಡ್ಡವನನ್ನು ಕೇಳಿದೆ. ಮೊದಲು ಬಾಯಿ ಬರಲಿಲ್ಲ, ಬಾಯಿ ಬಂದ ಮೇಲೆ ಮನಸ್ಸು ಬರಲಿಲ್ಲ, ಎಂದ. ಹೆತ್ತ ಮಗ, ಗಾಯ ಬೇರೆ. ಏನು ಬೈಯಲಿ.

ಎಂಥ ಕೆಲಸ ಮಾಡಿಬಿಟ್ಟೆಯೋ. ಎಲ್ಲರ ಮುಂದೆ ನಾನು ಆ ಮಾತು ಅಂದಾಗ ತಲೆ ಎತ್ತಿ ಒಂದು ಸಲ ಸುಳ್ಳು ಎನ್ನಬಾರದಾಗಿತ್ತೇ? ಹಾಲು ಉಕ್ಕಿದ್ದಕ್ಕೆ ಸುಳ್ಳು ಸುಳ್ಳು ಎಂದು ಬರೆಯುತ್ತಿದ್ದವನು.

ಜುಲೈ ೧೧, ಶುಕ್ರವಾರ

ಸೈಕಲ್ ಅಂಗಡಿಗೆ ಹೋಗಿದ್ದೆ. ಪಕ್ಕದಲ್ಲಿ ಕಡಿದಾದ ಮೆಟ್ಟಿಲು, ಹಿಡಿದುಕೊಳ್ಳಲು ಕಂಬಿ ಇಲ್ಲ. ಕೂತು ಕೂತು ಹತ್ತಿದೆ. ಬಾಗಿಲು ತಟ್ಟಿದೆ. ಒಳಗೆ ಫ್ಯಾನು ತಿರುಗುವ ಸದ್ದು ಇತ್ತು. ಮಂಚ ಒಮ್ಮೆ ಕಿರ್ ಎಂದಿತು. ‘ನಾನು ಕಣೋ’ ಎಂದೆ.

ಚಿಲಕ ಸರಿಯಲಿಲ್ಲ.

ಇಡೀ ಬೀದಿಗೆ ಕೇಳುವ ನಾಲಿಗೆ ನನ್ನದು. ಆ ಹಲಗೆಯ ಮುಂದೆ ಒಣಗಿ ಅಂಟಿಕೊಂಡಿತು. ಹೇಳಲು ಇಷ್ಟೆಲ್ಲ ಇತ್ತು, ನಾನು ಕಣೋ ಎಂಬುದರ ಮುಂದಕ್ಕೆ ಹೋಗಲಿಲ್ಲ. ಕೆಳಗೆ ಗಿರಾಕಿಗಳು ತಲೆ ಎತ್ತಿ ನೋಡುತ್ತಿದ್ದರು. ತಂದಿದ್ದ ಊಟದ ಡಬ್ಬಿಯನ್ನು ಹೊಸ್ತಿಲಲ್ಲಿ ಇಟ್ಟು ಬಂದೆ. ಕಣ್ಣಿಗೆ ಬೀಳಬೇಡ ಎಂದಿದ್ದೆ, ಬೀಳಲಿಲ್ಲ. ಹುಟ್ಟಿದಾಗಿನಿಂದ ನನ್ನ ಒಂದು ಮಾತನ್ನೂ ಕೇಳದವನಿಗೆ ಕೇಳಲು ಇದೇ ಮಾತು ಸಿಕ್ಕಿತು.

ಬೆಂಕಿಪೊಟ್ಟಣದ ಶೆಲ್ಫಿನಲ್ಲಿ ಪುಸ್ತಕಕ್ಕೆ ಎಣ್ಣೆ ತಾಗುತ್ತದೆ. ಮೀಟರ್ ಪೆಟ್ಟಿಗೆಯ ಮೇಲೆ ಒಣಗಿದ ಜಾಗ, ಅಲ್ಲಿಟ್ಟಿದ್ದೇನೆ.

ಜುಲೈ ೧೪, ಸೋಮವಾರ

ಶುಕ್ರವಾರ ಸಾಹೇಬರು ಆಸ್ಪತ್ರೆಗೇ ಬಂದು ದೊಡ್ಡವನ ಹೇಳಿಕೆ ತೆಗೆದುಕೊಳ್ಳುತ್ತಾರಂತೆ. ಅವನು ಹೆಂಡತಿಗೂ ವಿಷಯ ಹೇಳಿದ್ದಾನೆ. ಅವಳು ಇವತ್ತು ನನ್ನನ್ನು ವಾರ್ಡಿನ ಹೊರಗೆ ಕರೆದುಕೊಂಡು ಹೋಗಿ, ಮೊದಲ ಸಲ ನನ್ನ ಕೈ ಹಿಡಿದುಕೊಂಡಳು.

‘ಅತ್ತೆ, ನೀವು ಇಬ್ಬರಿಗೂ ತಾಯಿ. ನಾನು ಒಬ್ಬರಿಗೇ ಹೆಂಡ್ತಿ. ಇವ್ರು ಬಾಯಿ ಬಿಟ್ರೆ ನಮಗೆ ಏನೂ ಉಳಿಯಲ್ಲ. ಮೈದುನ ಒಂಟಿ ಮನುಷ್ಯ. ಎರಡು ಕೈ ಇದೆ. ಎಲ್ಲಾದ್ರೂ ಬದುಕ್ಕೊಳ್ತಾನೆ. ನೀವು ಹೇಳಿದ್ರೆ ಇವ್ರು ಸುಮ್ಮನಿರ್ತಾರೆ.’

ಅವಳ ಮಾತಿನಲ್ಲಿ ತಪ್ಪು ಹುಡುಕಿದೆ. ಸಾಮಾನ್ಯವಾಗಿ ಸಿಗುತ್ತದೆ. ಸಿಗಲಿಲ್ಲ.

ಒಳಗೆ ಬಂದರೆ ಅವನು ಕಾದಿದ್ದ. ಏನು ಮಾಡಲಿ ಅಮ್ಮ ಎಂದ. ಒಬ್ಬನ ಬಾಯಿ ಮುಚ್ಚಿಸಿದರೆ ಇನ್ನೊಬ್ಬನ ಬದುಕು ಮುಚ್ಚುತ್ತದೆ, ಬಿಡಿಸಿದರೆ ಇವನ ಹೆಂಡತಿ ಮಗಳ ತಟ್ಟೆಗೆ ಮಣ್ಣು. ಯಾವ ತಾಯಿಗೂ ಈ ತಕ್ಕಡಿ ಹಿಡಿಸಬಾರದು. ಗೊತ್ತಿಲ್ಲ ಕಣೋ ಎನ್ನಬೇಕೆಂದು ಬಾಯಿ ತೆರೆದೆ. ಬಂದದ್ದು ಬೇರೆ.

‘ನಿನ್ನ ಕೈ ವಾಪಸ್ ಬರಲ್ಲ ಕಣೋ. ಅವನು ವಾಪಸ್ ಬರೋ ವಸ್ತು.’

ಸೊಸೆ ಬಾಗಿಲಲ್ಲಿ ನಿಂತಿದ್ದಳು. ಕೇಳಿಸಿಕೊಂಡಳು.

ಜುಲೈ ೧೮, ಶುಕ್ರವಾರ

ಇಬ್ಬರು ಬಂದರು, ಒಬ್ಬ ಕೇಳುವವನು, ಒಬ್ಬ ಬರೆಯುವವನು. ಮನೆಯವರು ಹೊರಗೆ ಇರಿ ಎಂದರು. ಸೊಸೆ ಹೋದಳು. ನನಗೆ ಕಿವಿ ಕೇಳಿಸದು ಎಂದು ಹೇಳಿ ಸ್ಟೂಲಿನ ಮೇಲೆ ಗೂಟ ಹೊಡೆದ ಹಾಗೆ ಕೂತೆ. ಇನ್‌ಚಾರ್ಜ್ ನರ್ಸಮ್ಮ, ಹೌದು ಸಾರ್, ಅಜ್ಜಿಗೆ ಏನೂ ಕೇಳಿಸಲ್ಲ, ಎಂದು ಸೇರಿಸಿದಳು. ಅವಳ ಹೊಟ್ಟೆ ತಣ್ಣಗಿರಲಿ.

ನಿನ್ನ ತಮ್ಮ ನಿನ್ನನ್ನು ಕೇಳದೆ ಲೈನ್ ವಾಪಸ್ ಕೊಟ್ಟದ್ದು ನಿಜವೇ ಎಂದು ಕೇಳಿದರು. ದೊಡ್ಡವನು ಫ್ಯಾನಿನಿಂದ ಕಣ್ಣು ಕಿತ್ತು ಅವರ ಕಡೆ ತಿರುಗಿದ.

‘ಇಲ್ಲ ಸಾರ್. ನಾನು ಇಳಿದಿದ್ದೆ. ಹೇಳು ಅಂದೆ. ಮತ್ತೆ ಹತ್ತಿದೆ. ಅವನಿಗೆ ಗೊತ್ತಿರ್ಲಿಲ್ಲ. ಅವನು ನಿಮಗೆ ಹೇಳಿರೋದು ಸುಳ್ಳು.’

ಬರೆಯುವವನು ಕೂಡ ತಲೆ ಎತ್ತಿದ. ಕೇಳುವವನು, ಯೋಚನೆ ಮಾಡಿ ಹೇಳು, ಇದರಿಂದ ನಿನಗೇ ನಷ್ಟ, ಎಂದ. ಮಾಡಿದೀನಿ ಸಾರ್ ಎಂದ ದೊಡ್ಡವನು. ಸಹಿಯ ಜಾಗಕ್ಕೆ ಎಡಗೈ ಹೆಬ್ಬೆಟ್ಟು ಒತ್ತಿದ. ಅಷ್ಟು ಚೆಂದ ಸಹಿ ಮಾಡುತ್ತಿದ್ದ ಹುಡುಗ.

ಚಿಕ್ಕವನು ಪೂರ್ತಿ ಪಾರಾಗಲಿಲ್ಲ. ತನ್ನದಲ್ಲದ ಲೈನನ್ನು ವಾಪಸ್ ಕೊಟ್ಟದ್ದು ತಪ್ಪೇ, ಸಾಹೇಬರಿಗೆ ಸುಳ್ಳು ಹೇಳಿದ್ದೂ ತಪ್ಪೇ. ಹೆಸರು ಕೇಳದೆ ಸ್ವಿಚ್ಚು ಹಾಕಿದ ಆಪರೇಟರದೂ ತಪ್ಪು. ದೊಡ್ಡವನ ಪರಿಹಾರ ನೋಡೋಣ ಎಂದರು. ಒಬ್ಬನ ಮೇಲಿದ್ದ ಚಾರ್ಜನ್ನು ಮೂವರಿಗೆ ಹಂಚಿ ಹೋದರು. ಹಂಚಿದರೆ ಹಗುರವಾಗಬೇಕಲ್ಲ, ಎಲ್ಲಿಯೂ ಆದ ಹಾಗೆ ಕಾಣಲಿಲ್ಲ.

ಸೊಸೆ ರಾತ್ರಿಯ ಊಟಕ್ಕೆ ನನ್ನ ತಟ್ಟೆಯನ್ನು ಸದ್ದಾಗುವಂತೆ ಇಟ್ಟಳು. ಆದರೆ ಇಟ್ಟಳು.

ಜುಲೈ ೨೪, ಗುರುವಾರ

ಇವತ್ತು ಡಿಸ್ಚಾರ್ಜು. ಕೀವು ನಿಂತಿತು, ಮನೆಗೆ ಕಳಿಸಿದರು. ಬೆಳಿಗ್ಗೆಯೇ ಎಲ್ಲರೂ ಹೋಗಿ ಕರೆತಂದೆವು, ಮೊಮ್ಮಗಳೂ ಬಂದಳು. ಅಪ್ಪನ ಎಡಗಡೆಯೇ ನಡೆದಳು.

ಕೋಣೆಗೆ ಬಂದು ದೊಡ್ಡವನು ಮಂಚದ ಮೇಲೆ ಕೂತ. ಆ ಮಂಚಕ್ಕೆ ಲೈಟು ಫ್ಯಾನಿನ ಸ್ವಿಚ್ಚು ಮೊದಲಿನಿಂದಲೂ ಬಲಗಡೆ ಇದ್ದದ್ದು. ಈಗ ಎಡಗಡೆ ಗೋಡೆಯಲ್ಲಿ ಹೊಸ ಬೋರ್ಡು. ನಾವಿಲ್ಲದ ಹೊತ್ತಿಗೆ ಬಂದ ಚಿಕ್ಕವನು ತಂತಿಯನ್ನು ನೆಲದ ಅಂಚಿನಲ್ಲಿ ಎಳೆದು, ಕೂದಲೆಳೆಯಷ್ಟೂ ಸೊಟ್ಟ ಇಲ್ಲದೆ ಮೊಳೆ ಹೊಡೆದಿದ್ದಾನೆ. ಬಲಗಡೆಯ ಬೋರ್ಡನ್ನು ತೆಗೆದು ತೂತಿಗೆ ಸುಣ್ಣ ಮೆತ್ತಿದ್ದಾನೆ, ಇನ್ನೂ ಹಸಿ ಇದೆ. ಮರೆತು ಆ ಕಡೆ ಕೈ ಚಾಚಬಾರದೆಂದು.

ದೊಡ್ಡವನು ಎಡಗೈ ಚಾಚಿದ, ಸ್ವಿಚ್ಚು ಸಿಕ್ಕಿತು. ಹಾಕಿದ, ಆರಿಸಿದ, ಮತ್ತೆ ಹಾಕಿದ. ಸೊಸೆ ಹೋಗಿ ಅಡುಗೆಮನೆಯ ಟ್ಯೂಬ್‌ಲೈಟು ಹಾಕಿದಳು.

ಜುಲೈ ೨೬, ಶನಿವಾರ

ಲೆಕ್ಕ ಬರೆಯಲೆಂದು ಪುಸ್ತಕ ತೆಗೆದೆ. ಹಾಳೆ ತಿರುವುತ್ತಾ ಹಿಂದಕ್ಕೆ ಹೋದೆ.

ಜೂನ್ ಆರರ ಹಾಳೆಯಲ್ಲಿ, ಬಿದ್ದುಹೋಗಲಿ ಎಂದು ನಾನು ಬರೆದ ಸಾಲಿನ ಪಕ್ಕ, ಪೆನ್ಸಿಲಿನಲ್ಲಿ ಒಂದು ಮಾತು. ಸುಳ್ಳು ಎಂದಲ್ಲ. ‘ಸರಿ’ ಎಂದು.

ಇಷ್ಟು ವರ್ಷ ನಾನು ಬರೆದ ನಿಜಕ್ಕೆಲ್ಲ ಸುಳ್ಳು ಎಂದವನು, ಇದೊಂದಕ್ಕೆ ಸರಿ ಎಂದೆಯಾ? ಸ್ವಿಚ್ಚು ಕೂರಿಸಲು ಬಂದವನು, ಬೂಟು ಬಿಚ್ಚಿದೆಯೋ ಇಲ್ಲವೋ, ಹಳೆಯ ಜಾಗದಲ್ಲಿ ಪುಸ್ತಕ ಕಂಡಿತು, ತೆರೆದೆ. ಮುಂದಿನ ಹಾಳೆಗಳಲ್ಲಿ ಒಂದು ಗೀಟೂ ಇಲ್ಲ. ಅಲ್ಲಿಗೇ ಮುಚ್ಚಿಟ್ಟೆ. ಇಲ್ಲದ ಕೈ ಕೆರೆದದ್ದನ್ನು ಓದಲಿಲ್ಲ. ಪ್ಲೇಯರಿನದು ಓದಲಿಲ್ಲ. ಆ ಮೆಟ್ಟಿಲನ್ನು ನಾನು ಕೂತು ಹತ್ತಿದ್ದು ಓದಲಿಲ್ಲ. ನಿಮ್ಮಣ್ಣ ಸಾಹೇಬರ ಮುಂದೆ ನಿನ್ನನ್ನು ಸುಳ್ಳ ಎಂದದ್ದನ್ನೂ ಓದಲಿಲ್ಲ. ಬೇಡದ್ದನ್ನೆಲ್ಲ ಕದ್ದು ಓದುತ್ತಿದ್ದವನು ಬೇಕಾದ್ದು ಬರುವ ಮುಂಚೆ ಸಾಧುವಾಗಿಬಿಟ್ಟೆ.

ಈಗ ನಾನು ಹೇಳಿದ ಹಾಗೆ ಮಾಡು. ಪುಸ್ತಕ ಮೀಟರ್ ಪೆಟ್ಟಿಗೆಯ ಮೇಲೆಯೇ ಇದೆ. ಪೆನ್ಸಿಲು ದಾರದಲ್ಲಿ ಕಟ್ಟಿದ್ದೇನೆ, ರಬ್ಬರನ್ನು ಮೊಮ್ಮಗಳಿಂದ ಇಸಿದುಕೊಂಡು ಪಕ್ಕದಲ್ಲಿಟ್ಟಿದ್ದೇನೆ. ದಿನಾ ಹತ್ತರಿಂದ ಹನ್ನೆರಡರವರೆಗೆ ನಾವೆಲ್ಲ ದೊಡ್ಡವನ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಇರುತ್ತೇವೆ, ನೀನು ಯಾರ ಕಣ್ಣಿಗೂ ಬೀಳುವುದಿಲ್ಲ. ಕೂತು ಮುಂದಿನ ಹಾಳೆಗಳನ್ನು ಓದು, ಒಂದನ್ನೂ ಬಿಡದೆ. ಆಮೇಲೆ ಆ ‘ಸರಿ’ಯನ್ನು ಅಳಿಸು. ಅಳಿಸಿದ ಜಾಗದಲ್ಲಿ ಬರೆಯಬೇಕಾದ್ದನ್ನು ದೊಡ್ಡ ಅಕ್ಷರದಲ್ಲಿ ಬರೆ. ನನ್ನ ಕಣ್ಣು ಮೊದಲಿನ ಹಾಗಿಲ್ಲ.

ಆಗಸ್ಟ್ ಹುಟ್ಟುವುದರೊಳಗೆ ಉತ್ತರ ಇದರಲ್ಲಿ ಇರಬೇಕು.